ನನ್ನ ಲಿನಕ್ಸ್‌ಗೆ ಪೊರೆ ಬಂತು

ಗೆಳೆಯರೇ, ಇವತ್ತು ಭಾವನ ಮುಂದೆ ನನ್ನ ಮಾನ ಹೋಯಿತು. ನಿನ್ನೆಯಷ್ಟೇ ನನ್ನ ಲ್ಯಾಪ್‌ಟಾಪಿನ ಹಳೇ ಆಪರೇಟಿಂಗ್ ಸಿಸ್ಟಮ್ ತೆಗೆದು ಲಿನಕ್ಸ್ ಹಾಕಿ, ಬಣ್ಣ, ಐಕಾನು, ಅಕ್ಷರ ಎಲ್ಲವನ್ನೂ ನನಗೆ ಬೇಕಾದಂತೆ ತಿದ್ದಿಕೊಂಡಿದ್ದೆ. ಅದೇ ಜಂಬದಲ್ಲಿ ಬೆಳಿಗ್ಗೆ ಕೌದಳ್ಳಿಯ ಭಾವನಿಗೆ ವಿಡಿಯೊ ಕಾಲ್ ಮಾಡಿದರೆ ನನ್ನ ಮುಖದ ಜಾಗದಲ್ಲಿ ಬರೀ ಬಿಳಿ ಮಂಜು.

“ಏನ್ಲಾ, ನಿನ್ ಲಿನಕ್ಸ್‌ಗೆ ಪೊರೆ ಬಂದದಾ? ಅಳೇದೇ ಇರ್ಲಿ ಅಂತ ಬಡ್ಕಂಡೆ, ಕೇಳಿದ್ಯಾ ನೀನು?” ಎಂದು ಭಾವ ನಕ್ಕರು.

ಸಿಟ್ಟು ನೆತ್ತಿಗೇರಿತು. ಕ್ಯಾಮೆರಾ ನಡೆಸುವ ಡ್ರೈವರ್ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಯಾರ‍್ಯಾರೋ ಬರೆದಿಟ್ಟ ಕಮಾಂಡುಗಳನ್ನೆಲ್ಲ ಟರ್ಮಿನಲ್ಲಿಗೆ ಸುರಿದೆ. ಮಂಜು ಕರಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೋತು, ಲಿನಕ್ಸನ್ನೇ ಕಿತ್ತುಹಾಕಲು ಕುಳಿತೆ. ಅಷ್ಟರಲ್ಲಿ ಊಟಕ್ಕೆ ಕರೆಯಲು ಅವ್ವ ಬಂದಳು.

“ಯಾಕ್ಲಾ ಮಗಾ, ಅದೇನ್ ಕೆಟ್ಟೋದದು? ಒಸ್ದು ಹಾಕಿವ್ನಿ ಅಂದ್ಯಲ್ಲ, ಸೋಮ್ವಾರ ಬ್ಯಾರೆ, ಬೆಳಗ್ಗೆನೇ ಅದ್ಕೆ ಈಬೂತಿ ಇಕ್ಕಿ ಕೈ ಮುಗ್ದಿವ್ನಿ!”

ಅಲ್ಲಿಯವರೆಗೆ ಪರದೆಯ ಒಳಗನ್ನೇ ನೋಡುತ್ತಿದ್ದವನು ಆಗ ಅದರ ಮೇಲಂಚನ್ನು ನೋಡಿದೆ. ಸರಿಯಾಗಿ ಕ್ಯಾಮೆರಾದ ಮೇಲೆ ವಿಭೂತಿ ಒಣಗಿ ಕೂತಿತ್ತು.

“ಅವ್ವಾ, ಬ್ಯಾರೆ ಜಾಗ ಸಿಕ್ನಿಲ್ವಾ ನಿಂಗೆ?”

“ಅಣೆ ಇರಾದು ಅಲ್ಲೇ ಅಲ್ವಲಾ? ಇನ್ನೆಲ್ಲಿಗೆ ಇಕ್ಲಿ?”

ಟವೆಲ್ಲಿನ ತುದಿಯಿಂದ ಕ್ಯಾಮೆರಾ ಒರೆಸಿ ಊಟಕ್ಕೆ ಎದ್ದೆ. ಲಿನಕ್ಸ್ ಅಂದರೆ ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು ಎಂದು ನಿನ್ನೆ ಮನೆಯವರಿಗೆಲ್ಲ ಭಾಷಣ ಬಿಗಿದವನು ನಾನೇ ತಾನೇ!