ನೀಲವ್ವನ ದ್ರಾಕ್ಷಿ ಹಂದರ

ನಮ್ಮ ಮನೆಯ ಊಟದ ಮೇಜಿನ ಮೇಲೆ ಬೆಳಗಿನಿಂದ ಒಂದು ಗೋಣಿಚೀಲ ಕೂತಿದೆ. ಬಾಯಿಗೆ ಕರಿ ಉಣ್ಣೆಯ ಹುರಿ ಬಿಗಿದು ಮೂರು ಗಂಟು ಹಾಕಿದ್ದಾರೆ. ಹತ್ತಿರ ಹೋದರೆ ಕುರಿಯ ವಾಸನೆ. ಹಾಲು ತರಲು ಕುಂದಗೋಳದ ಬಸ್‌ಸ್ಟ್ಯಾಂಡಿನ ಕಡೆ ಹೋದಾಗ ಕಂಡಕ್ಟರೊಬ್ಬ ನನ್ನನ್ನು ಕೂಗಿ ಕರೆದು ಕೊಟ್ಟ. "ಯರಗುಪ್ಪಿ ದಾಟಿದ ಮ್ಯಾಲೆ ಒಬ್ಬಾಕಿ ಮುದುಕಿ ಹತ್ತಿಸ್ಯಾಳ್ರಿ. ಸೈಕಲ್ ಮಾಸ್ತರಿಗೆ ಕೊಡು ಅಂದ್ಲು. ಈ ಊರಾಗ ಸೈಕಲ್ ಮಾಸ್ತರಂದ್ರ ನೀವ ಅಲ್ರಿ?"

ನಾನೇ, ಇನ್ಯಾರು. ಐವತ್ನಾಲ್ಕನೆಯ ವಯಸ್ಸಿನಲ್ಲಿ ಹೊಟ್ಟೆ ಮುಂದೆ, ಸೈಕಲ್ಲು ಹಿಂದೆ ಎಂಬಂತೆ ಹೈಸ್ಕೂಲಿಗೆ ಹೋಗಿಬರುವ ವಿಜ್ಞಾನದ ಮಾಸ್ತರ ಈ ಊರಿನಲ್ಲಿ ನಾನೊಬ್ಬನೇ. ಚೀಲವನ್ನು ಹೊರಗಿನಿಂದಲೇ ಮುಟ್ಟಿ ನೋಡಿದೆ. ಕೈಗೆ ಕಟ್ಟಿಗೆ ತಾಗಿತು. ಬಿಚ್ಚುವ ಧೈರ್ಯವಾಗದೆ ಗೆಳೆಯ ಮೌಲಾಸಾಬರಿಗೆ ಫೋನು ಮಾಡಿದೆ. ಮದುವೆ ಮನೆಯೊಂದರ ಬ್ಲೌಸುಗಳನ್ನು ಮುಗಿಸಿ ಮಧ್ಯಾಹ್ನಕ್ಕೆ ಬರುತ್ತೇನೆಂದರು. ಅಲ್ಲಿಯವರೆಗೆ ನೀವು ನನ್ನ ಜೊತೆ ಕೂತಿರಿ. ಕಟ್ಟಿಗೆಗೆ ನಾನೇಕೆ ಹೆದರುತ್ತೇನೆ ಎಂಬುದನ್ನು ಹೇಳಿಬಿಡುತ್ತೇನೆ.

ಇದೆಲ್ಲ ಶುರುವಾದದ್ದು ಹಲ್ಲಿನ ಡಾಕ್ಟರ ಬಾಗಿಲಲ್ಲಿ. ಪಾಳಿಗೆ ಕಾಯುತ್ತ ಕೂತವನ ಕೈಗೆ ಒಂದು ಹಳೆಯ ಬಣ್ಣದ ಪತ್ರಿಕೆ ಸಿಕ್ಕಿತು. ಅದರಲ್ಲಿ ಯಾವುದೋ ದೇಶದ ಒಂದು ಹೊಳೆಯ ಕಣಿವೆ. ದಂಡೆಯುದ್ದಕ್ಕೂ ದ್ರಾಕ್ಷಿ ತೋಟ, ನಡುವೆ ಬಿಸಿನೀರಿನ ಬುಗ್ಗೆ. ನನ್ನಷ್ಟೇ ವಯಸ್ಸಿನ ಗಂಡಸರು ಹೆಂಗಸರು ಸೈಕಲ್ ಹೊಡೆಯುತ್ತ ತೋಟದಿಂದ ತೋಟಕ್ಕೆ ಹೋಗುತ್ತಾರೆ, ದಣಿದರೆ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ನನ್ನ ಹಲ್ಲುನೋವು ಅರ್ಧ ಅಲ್ಲೇ ಇಳಿಯಿತು. ಸಂಜೆ ಚಿತ್ರವನ್ನು ಫೋನಿನಲ್ಲಿ ತೋರಿಸಿದಾಗ ಮೌಲಾಸಾಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಅವರು ನಮ್ಮ ಓಣಿಯ ಟೇಲರು. ಮೂವತ್ತು ವರ್ಷದಿಂದ ಒಂದೇ ಕರಿ ಸೈಕಲ್ಲು.

"ನಮಗೂ ಹೊಳಿ ಐತಲ್ರಿ ಮಾಸ್ತರ್ರ. ಬೆಣ್ಣಿಹಳ್ಳದ ದಂಡಿ ಹಿಡದು ನವಲಗುಂದ ತನಕ ಹೋಗೂಣು. ಅಲ್ಲಿ ನಮ್ಮ ತಂಗಿ ಮನಿ ಐತಿ, ಊಟಕ್ಕ ಚಿಂತಿಲ್ಲ."

"ದ್ರಾಕ್ಷಿ?"

"ಸಂತ್ಯಾಗ ಅರ್ಧ ಕಿಲೋ ತೊಗೊಂಡು ಕಿಸೇದಾಗ ಇಟ್ಕೊಂಡ್ರಾತು."

ಹೀಗೆ ದಸರಾ ಸೂಟಿಯಲ್ಲಿ ನಮ್ಮ ಯಾತ್ರೆ ಹೊರಟಿತು. ನನ್ನದು ಮೈದುನ ಕೊಟ್ಟ ಗೇರಿನ ಸೈಕಲ್ಲು. ಇಪ್ಪತ್ತೊಂದು ಗೇರಿನಲ್ಲಿ ನನಗೆ ಗೊತ್ತಿರುವುದು ಎರಡು. ಬೆಣ್ಣೆಹಳ್ಳದಲ್ಲಿ ನೀರಿಗಿಂತ ಪೀಕಜಾಲಿಯ ಮುಳ್ಳುಕಂಟಿಯೇ ಹೆಚ್ಚಾಗಿತ್ತು. ಆದರೂ ಬೆಳಗಿನ ತಂಪು, ಎರಡೂ ಕಡೆ ಮೊಣಕಾಲೆತ್ತರದ ಹತ್ತಿ, ಕಣ್ಣು ಹಾಯುವಷ್ಟು ಕರಿ ನೆಲ. ಇಲ್ಲಿಗೆ ವರ್ಗವಾಗಿ ಬಂದು ಮೂರು ವರ್ಷವಾದರೂ ಈ ಸೀಮೆಯನ್ನು ನಾನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದೆ. ನನಗೆ ನಿಜವಾಗಿಯೂ ಸಂತೋಷವಾಯಿತು. ಸಂತೋಷವಾದಾಗ ನಾನು ತಪ್ಪು ಮಾಡುವುದು ಹಳೆಯ ಚಾಳಿ.

ಯರಗುಪ್ಪಿ ದಾಟಿದ ಮೇಲೆ ಫೋನಿನ ನಕಾಶೆಯಲ್ಲಿ ಒಂದು ಬಂಡಿದಾರಿ ಕಂಡಿತು. ಹತ್ತಿರದ ದಾರಿ. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು. ಮೌಲಾಸಾಬರು ಹೆಬ್ಬೆರಳಿನಿಂದ ನೆಲ ಒತ್ತಿ, "ಮ್ಯಾಲಷ್ಟ ಒಣಗೇದ ಮಾಸ್ತರ್ರ, ಒಳಗ ಹಸಿ ಐತಿ, ಬ್ಯಾಡ್ರಿ" ಎಂದರು. ನಾನು ಬಿಸಿಲು, ಗಾಳಿ, ಆವಿಯಾಗುವಿಕೆ ಎಂದು ಎಂಟನೆಯ ಇಯತ್ತೆಯ ಪಾಠ ಮಾಡಿದೆ. ಮುನ್ನೂರು ಹೆಜ್ಜೆ ಹೋಗುವುದರೊಳಗೆ ಯರಿಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಗಳು ತಿರುಗುವುದನ್ನೇ ಬಿಟ್ಟವು. ಕಡ್ಡಿಯಿಂದ ಕೆರೆದರೆ ಹತ್ತು ಹೆಜ್ಜೆ, ಮತ್ತೆ ಅದೇ ಕತೆ. ಕೊನೆಗೆ ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತೆವು. ಒಂದೊಂದು ಚಪ್ಪಲಿಗೆ ಒಂದೊಂದು ಸೇರು ಮಣ್ಣು. ಮೌಲಾಸಾಬರು ನನ್ನ ಕಡೆ ತಿರುಗಿಯೂ ನೋಡದೆ ಮುಂದೆ ನಡೆದರು. ಬೈದಿದ್ದರೆ ಒಳ್ಳೆಯದಿತ್ತು.

ದೂರದಲ್ಲಿ ಬೋರಿನ ನೀರು ಬೀಳುವ ಸದ್ದು ಕೇಳಿ ಅತ್ತ ನಡೆದೆವು. ಹೊಲದೊಳಗೆ ಒಂದು ಮನೆ, ಪಕ್ಕದಲ್ಲಿ ಕುರಿದೊಡ್ಡಿ, ಮುಂದೆ ನೀರು ತುಂಬುವ ಕಲ್ಲಿನ ಡೋಣಿ. ಪೈಪಿನ ಕೆಳಗೆ ಕಾಲು ಇಟ್ಟೆ ನೋಡಿ, ಆಹಾ, ನೀರು ಬೆಚ್ಚಗಿತ್ತು! ಆಳದ ಬೋರಿನ ನೀರು ಬೆಳಗಿನ ಹೊತ್ತು ಹಾಗಿರುವುದು ಈ ಕಡೆ ಹೊಸದೇನಲ್ಲ. ಆದರೆ ಆ ಹೊತ್ತಿಗೆ ನನಗೆ ಅದು ಬಿಸಿನೀರಿನ ಬುಗ್ಗೆಯೇ. ಪತ್ರಿಕೆಯವರಂತೆ ಡೋಣಿಯೊಳಗೆ ಎರಡೂ ಕಾಲು ಇಳಿಬಿಟ್ಟು ಕಣ್ಣು ಮುಚ್ಚಿದೆ.

"ಏ ಯಪ್ಪಾ, ಕಾಲ್ ತಗೀ! ಕುರಿ ಕುಡಿಯೂ ನೀರದು!"

ಎಪ್ಪತ್ತರ ಆಸುಪಾಸಿನ ಹೆಂಗಸು, ಸೊಂಟದ ಮೇಲೆ ಕೈ. ಆಕೆಯೇ ನೀಲವ್ವ. ಬೈದು ಮುಗಿಸಿ ಚಹಾ ಕೊಟ್ಟಳು. ಆ ಚಹಾ ಕುಡಿಯುತ್ತ ತಲೆ ಎತ್ತಿದಾಗಲೇ ನಾವು ಕೂತಿದ್ದ ನೆರಳು ಯಾವುದರದ್ದು ಎಂದು ಗೊತ್ತಾದದ್ದು. ದ್ರಾಕ್ಷಿ ಬಳ್ಳಿ. ಒಂದೇ ಬಳ್ಳಿ, ಅಂಗಳದ ಹಂದರವನ್ನೆಲ್ಲ ಮುಚ್ಚಿ ಮನೆಯ ಮಾಳಿಗೆಗೂ ಏರಿತ್ತು. ದಟ್ಟ ಎಲೆ. ಒಂದು ಕಾಯಿ ಇಲ್ಲ.

"ನಾಕ ವರ್ಷಾತು. ಸಂತ್ಯಾಗ ಸಸಿ ಮಾರಾಂವ ಎರಡ ವರ್ಷಕ್ಕ ಹಣ್ಣ ಅಂದಿದ್ದ. ಮಂದಿ ನಗತಾರ. ನನ್ನ ಮಗಂತೂ ಇದನ್ನ ಕಡದು ಟ್ರ್ಯಾಕ್ಟರಿಗೆ ಪತ್ರಾಸ್ ತಗಡಿನ ಶೆಡ್ ಹಾಕ್ತೀನಂತ ಕುಂತಾನ" ಎಂದಳು ನೀಲವ್ವ.

ಮಗ ಫಕೀರಪ್ಪ ಅಲ್ಲೇ ಟ್ರ್ಯಾಕ್ಟರು ಒರೆಸುತ್ತಿದ್ದ. ಕೆಟ್ಟವನೇನಲ್ಲ. "ದೀಪಾವಳಿ ತನಕ ಬಿಟ್ಟೀನ್ರಿ. ಬರೇ ಎಲಿ ತೊಗೊಂಡು ಏನ್ ಮಾಡೂದು?" ಎಂದ.

ಹೋಗಲಿ ಬಿಡಿ ಯವ್ವಾ, ಸಂತೆಯಲ್ಲಿ ದ್ರಾಕ್ಷಿ ಸಿಗುತ್ತದಲ್ಲ ಎಂದು ನಾನು ಅಂದೆ. ಸಮಾಧಾನ ಹೇಳುವುದರಲ್ಲೂ ನನ್ನದು ಅಷ್ಟೇ ಬುದ್ಧಿ. ಆಕೆ ನನ್ನ ಮುಖ ನೋಡಿದಳು.

"ನಾ ಹುಟ್ಟಿದಾಗಿಂದ ಕುರಿ ಹಿಂದ ತಿರಗಿದಾಕಿ. ಇವತ್ತ ಈ ಹೊಲ, ನಾಳಿ ಆ ಹೊಲ. ಒಂದ ಗಿಡಾ ನೆಟ್ಟು ಅದರ ಹಣ್ಣ ಕಾಣೂತನಕ ಒಂದ ಜಾಗಾದಾಗ ನಿಂತಾಕಿ ಅಲ್ಲ. ಇಲ್ಲಿ ನೆಲಿ ನಿಂತ ಮ್ಯಾಲೆ ಇದೊಂದ ನಾ ನೆಟ್ಟಿದ್ದು. ಸಂತಿ ಹಣ್ಣ ತಿನ್ನಾಕ ನನಗೇನ್ ಬ್ಯಾನಿ?"

ಮೌಲಾಸಾಬರು ಎದ್ದು ಬಳ್ಳಿಯ ಬುಡದಿಂದ ತುದಿಯವರೆಗೆ ಕೈಯಾಡಿಸಿದರು. ಟೇಲರಾಗುವ ಮೊದಲು ಎರಡು ವರ್ಷ ವಿಜಯಪುರದ ಕಡೆ ದ್ರಾಕ್ಷಿ ತೋಟಗಳಲ್ಲಿ ದುಡಿದದ್ದನ್ನು ಅವರು ನನಗೆ ಎಂದೋ ಹೇಳಿದ್ದರು.

"ಯವ್ವಾ, ಇದಕ್ಕ ಕತ್ತರಿ ಹಚ್ಚೀರೇನ್ರಿ?"

"ಹಸರ ಬಳ್ಳಿಗೆ ಕತ್ತರೀನಾ? ನಾ ಒಂದ ಎಲಿ ಹರದಿಲ್ಲೋ ಯಪ್ಪಾ. ಕೂಸಿನಗತೆ ನೋಡ್ಕೊಂಡೀನಿ."

"ಅದಕ್ಕ ಹಣ್ಣ ಬಂದಿಲ್ರಿ. ದ್ರಾಕ್ಷೀನ ಕತ್ತರಸಬೇಕು. ಪೂರಾ ಎಲಿ ತಗದು, ಕಡ್ಡಿ ಮೋಟ ಮಾಡಬೇಕು. ಈಗ ಹದಾ ಐತಿ."

ಫಕೀರಪ್ಪ ನಕ್ಕ. ನೀಲವ್ವನಿಗೆ ಸಿಟ್ಟು ಬಂತು. ದಾರಿ ತಪ್ಪಿ ಬಂದವರು ಚಹಾ ಕುಡಿದು ಬಳ್ಳಿ ಕಡಿಯುತ್ತೇವೆ ಅಂದರೆ ಯಾರಿಗೆ ಬರುವುದಿಲ್ಲ? ಮೌಲಾಸಾಬರು ಮಾತ್ರ ಅಳತೆ ತೆಗೆದುಕೊಳ್ಳುವಾಗಿನ ಮೆಲುದನಿಯಲ್ಲಿ ಕೇಳಿದರು, "ಉಣ್ಣಿ ಕತ್ತರಿಸಿದ್ರ ಕುರಿ ಸಾಯ್ತಾವೇನ್ರಿ?"

"ಯಾಕ ಸಾಯ್ತಾವ?"

"ಕತ್ತರಸದ ಹಂಗ ಬಿಟ್ರ?"

"ಜಡಿ ಕಟ್ಟತೈತಿ. ಉಣ್ಣಿನೂ ಹಾಳು, ಕುರಿನೂ ಸೊರಗತೈತಿ..." ಎಂದವಳು ಅರ್ಧಕ್ಕೆ ನಿಂತು ಬಳ್ಳಿಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತಂದು ಮೌಲಾಸಾಬರ ಕೈಗಿಟ್ಟಳು.

ಮುಂದಿನ ಒಂದು ತಾಸನ್ನು ನಾನು ಮರೆಯುವಂತಿಲ್ಲ. ಎಲೆಯೆಂದರೆ ಸಸ್ಯದ ಅಡುಗೆಮನೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ನನ್ನ ಕಣ್ಣೆದುರೇ ಅಡುಗೆಮನೆಗಳೆಲ್ಲ ನೆಲಕ್ಕೆ ಬಿದ್ದವು. ನೆರಳಿದ್ದ ಅಂಗಳದಲ್ಲಿ ಬಿಸಿಲು ಹೊಕ್ಕಿತು. ಹಂದರದ ಮೇಲೆ ನಾಲ್ಕಾರು ಮೋಟು ಕಡ್ಡಿ ಉಳಿದವು. ನೀಲವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಕತ್ತರಿಯ ಸದ್ದು ಬಂದಾಗಲೆಲ್ಲ ಆಕೆಯ ಹೆಗಲು ಅದುರುತ್ತಿತ್ತು. ಫಕೀರಪ್ಪನಿಗೂ ಏನನ್ನಿಸಿತೋ, ಹೋಳಿಹುಣ್ಣಿಮೆಯವರೆಗೆ ಬುಡ ಮುಟ್ಟುವುದಿಲ್ಲ ಎಂದು ತಾನಾಗಿಯೇ ಮಾತು ಕೊಟ್ಟ.

ಹೊರಡುವಾಗ ನೀಲವ್ವ ನಮ್ಮ ಊರು ಕೇಳಿಕೊಂಡಳು. "ಹಣ್ಣ ಬಂದ್ರ ಹಣ್ಣ ಕಳಸ್ತೀನಿ. ಇಲ್ಲಂದ್ರ ಇದರ ಕಟಗಿ ಕಳಸ್ತೀನಿ. ನೀವ ಒಲಿಗೆ ಹಾಕ್ಕೊಳ್ರಿ."

ಡಾಂಬರು ರಸ್ತೆ ಸಿಕ್ಕಿ ಎರಡು ಮೈಲು ಹೋದ ಮೇಲೆ ಮೌಲಾಸಾಬರು ಸೈಕಲ್ಲು ನಿಲ್ಲಿಸಿದರು. ಮುಖ ಬಾಡಿತ್ತು. "ಮಾಸ್ತರ್ರ, ಒಂದ ಮಾತ ಹೇಳಬೇಕು. ವಿಜಯಪುರದಾಗ ನಾ ಕತ್ತರಸ್ತಿದ್ದಿಲ್ಲ. ಕತ್ತರಿಸಿದ ಕಡ್ಡಿ ಹೊರತಿದ್ದೆ."

ನವಲಗುಂದದಲ್ಲಿ ಅವರ ತಂಗಿ ಬಿರಿಯಾನಿ ಮಾಡಿದ್ದರು. ತಾವೇ ನೇಯ್ದ ಜಮಖಾನ ಹಾಸಿ ಕೂರಿಸಿದರು. ನಾವಿಬ್ಬರೂ ಅರ್ಧಕ್ಕೇ ಕೈ ತೊಳೆದೆವು. ಆಮೇಲೆ ಐದು ತಿಂಗಳು ಭಾನುವಾರ ಭಾನುವಾರ ಮಿಶ್ರಿಕೋಟಿಯ ಕಡೆ ಹೋದೆವು, ಮೊರಬದವರೆಗೂ ಹೋದೆವು. ಯರಗುಪ್ಪಿಯ ಹಾದಿ ಮಾತ್ರ ತುಳಿಯಲಿಲ್ಲ. ಅವರೂ ಹೋಗೂಣು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಇಬ್ಬರೂ ಪುಕ್ಕಲರು.

ಇಕೋ, ಬಾಗಿಲಲ್ಲಿ ಸೈಕಲ್ ಬೆಲ್ಲು. ಮೌಲಾಸಾಬರು ಬಂದರು.

ಅವರು ಚೀಲ ನೋಡಿ ಕೂತುಬಿಟ್ಟರು. ಗಂಟು ಬಿಚ್ಚಿದವಳು ನನ್ನ ಹೆಂಡತಿ. ಮೊದಲು ಹೊರಬಂದದ್ದು ಕಟ್ಟಿಗೆಯೇ. ಗೇಣುದ್ದದ ಆರು ಕಡ್ಡಿ. ಮೌಲಾಸಾಬರು ಕಣ್ಣು ಮುಚ್ಚಿ, "ಯಾ ಅಲ್ಲಾ, ಮುದುಕಿ ಬಳ್ಳಿ ಕೊಂದ್ನಲ್ಲೋ" ಎಂದರು.

"ತಡೀರಿ ಭಾಯಿ, ಕೆಳಗೊಂದ ಡಬ್ಬಿ ಐತಿ" ಎಂದಳು ನನ್ನವಳು.

ಸ್ಟೀಲಿನ ಡಬ್ಬಿಯಲ್ಲಿ ಒಂದೇ ಒಂದು ಗೊಂಚಲು. ಹಸಿರು ಹಣ್ಣು, ಸಣ್ಣವು, ಒಂದೆರಡು ಒಡೆದಿದ್ದವು. ಒಂದನ್ನು ಬಾಯಿಗೆ ಹಾಕಿಕೊಂಡೆ. ಹುಳಿ, ಕಣ್ಣು ಕಿರಿದಾಗುವಷ್ಟು ಹುಳಿ. ಮೌಲಾಸಾಬರು ಒಂದನ್ನು ತಿಂದು, ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತ ಅಳುತ್ತ ಕೂತರು. ಆಮೇಲೆ ಆ ಕಡ್ಡಿಗಳನ್ನು ಕೈಗೆತ್ತಿಕೊಂಡರು. ಬುಡಕ್ಕೆ ಸುತ್ತಿದ್ದ ಒದ್ದೆ ಅರಿವೆ ಬಿಚ್ಚಿದರು. ಕೆಳತುದಿಯನ್ನು ಓರೆಯಾಗಿ, ಉಣ್ಣೆ ಕತ್ತರಿಸಿ ಪಳಗಿದ ಕೈಯೊಂದು ಒಂದೇ ಏಟಿಗೆ ಕತ್ತರಿಸಿತ್ತು.

"ಒಲಿಗಲ್ರಿ ಮಾಸ್ತರ್ರ, ನೆಡಾಕ ಕಳಿಸ್ಯಾಳ. ಇಲ್ಲಿ ನೋಡ್ರಿ. ಆಕಿ ತಾನ ಕತ್ತರಿ ಹಚ್ಯಾಳ."

ಆರರಲ್ಲಿ ಮೂರನ್ನು ಅವರು ಒಯ್ದರು. ಉಳಿದ ಮೂರಕ್ಕೆ ನಾನು ಈಗಷ್ಟೇ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಕುಣಿ ತೋಡಿ ಬಂದೆ. ಏಳು ಊರುಗಳಲ್ಲಿ ಬಾಡಿಗೆಗೆ ಇದ್ದವನು. ಹೆಂಡತಿ ಒಂದು ಕರಿಬೇವು ನೆಡೋಣ ಅಂದಾಗಲೆಲ್ಲ ನಾಳೆ ವರ್ಗವಾದರೆ ಯಾರಿಗೆ ಎನ್ನುತ್ತಿದ್ದೆ. ಆಕೆ ಬಾಗಿಲಿಗೊರಗಿ ನನ್ನ ಮಣ್ಣಾದ ಕೈಗಳನ್ನು ನೋಡುತ್ತಿದ್ದಳು.

"ಹಣ್ಣ ಬರೂದ್ರಾಗ ವರ್ಗಾ ಆದ್ರ ಏನ್ ಮಾಡ್ತೀರಿ?"

"ಸೈಕಲ್ ಐತಲ್ಲ" ಎಂದೆ. "ಬಂದು ತಿಂದು ಹೋಗೂಣು."