ಪಟದಲ್ಲಿ ಇಲ್ಲದ ಹಿಂಡಿ

ನಮ್ಮೂರ ಸರಕಾರಿ ಆಸ್ಪತ್ರೆಯ ಗೋಡೆಯ ಮೇಲೆ ರಕ್ತದೊತ್ತಡದ ಪಟವೊಂದಿದೆ. ಪಿಜ್ಜಾ, ಬರ್ಗರ್, ಬಾಟಲಿಯ ಸಾಸು, ಚಿಪ್ಸಿನ ಪೊಟ್ಟಣ, ಕೊನೆಗೊಂದು ಉಪ್ಪಿನ ಡಬ್ಬಿ. ಎಲ್ಲದರ ಮೇಲೂ ಕೆಂಪು ಗೀಟು. ಆಳಂದದ ಕಡೆಯ ಹಳ್ಳಿಗಳಿಂದ ಬಂದ ಮುದುಕಿಯರು ಅದರ ಕೆಳಗೆ ಕೂತು, ಜನ್ಮದಲ್ಲಿ ಬಾಯಿಗೆ ಹಾಕದ ಪದಾರ್ಥಗಳನ್ನು ಇನ್ನು ಮುಂದೆಯೂ ತಿನ್ನುವುದಿಲ್ಲವೆಂದು ತಲೆಯಾಡಿಸುತ್ತಾರೆ. ಇಷ್ಟು ಸುಲಭವಾಗಿ ಪಾಲಿಸಬಹುದಾದ ಉಪದೇಶ ಬೇರೊಂದಿಲ್ಲ.

ನಮ್ಮತ್ತೆಯೂ ಪಾಲಿಸಿದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಮನೆ ನೆಲೋಗಿಯಲ್ಲಿ, ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ನಮ್ಮಲ್ಲಿದ್ದಳು. ಜೇವರ್ಗಿ, ಅಫಜಲಪುರ, ಆಳಂದ ಎಂದು ನೆಂಟರ ಮನೆಗಳಿಗೆಲ್ಲ ಒಬ್ಬಳೇ ಬಸ್ಸು ಹತ್ತಿ ತಿರುಗಿದವಳು ಈಗ ಬೋರ್ಡು ಓದಲಾರದೆ, ಅಫಜಲಪುರಕ್ಕೆಂದು ಹೊರಟು ಜೇವರ್ಗಿಯಲ್ಲಿ ಇಳಿದಿದ್ದಳು. ಆ ಅವಮಾನ ಅವಳಿಗೆ ಕುರುಡುತನಕ್ಕಿಂತ ದೊಡ್ಡದು. ಆಪರೇಷನ್ ಬೇಕೇ ಬೇಕಿತ್ತು. ಆದರೆ ಹೋದಾಗಲೆಲ್ಲ ಬಿ.ಪಿ. ಏರಿರುತ್ತಿತ್ತು. ಇಳಿಸಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತಿದ್ದರು, ಅಟ್ಟದಿಂದ ಕೊಡ ಇಳಿಸಿಕೊಂಡು ಬಾ ಎಂದ ಹಾಗೆ.

ಗುಳಿಗೆ ಅವಳು ತಪ್ಪಿಸುತ್ತಿರಲಿಲ್ಲ. ಉಪ್ಪನ್ನೂ ಬಿಟ್ಟಿದ್ದಳು. ತಾಟಿನ ಅಂಚಿಗೆ ಇಡುವ ಚಿಟಿಕೆ ಉಪ್ಪನ್ನು ಬೆರಳಿನಿಂದ ಬದಿಗೆ ಸರಿಸಿ, ಸಂಸಾರ ತೊರೆದವರ ಮುಖ ಮಾಡುತ್ತಿದ್ದಳು. ಆಮೇಲೆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಸುರಿದುಕೊಳ್ಳುತ್ತಿದ್ದಳು. ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಧಾರಾಳ ಉಪ್ಪು ಹಾಕಿ ಒರಳಲ್ಲಿ ಕುಟ್ಟುವ ಈ ಹಿಂಡಿಯನ್ನು ಬೇರೆ ಕಡೆಯವರು ಚಟ್ನಿಪುಡಿ ಎಂದು ಕರೆದು ಅವಮಾನಿಸುತ್ತಾರೆ. ನಮ್ಮಲ್ಲಿ ಅದು ಊಟದ ಅರ್ಧ.

ಅದರಲ್ಲಿ ಉಪ್ಪಿಲ್ಲವೇ ಎಂದು ಕೇಳಿದೆ.

"ಇದು ಹಿಂಡಿ ಬೇ. ಹಿಂಡಿಗಿ ಯಾರರೆ ಉಪ್ಪ ಅಂತಾರೇನ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿ ಕಪ್ಪು ಗೆದ್ದು ತಂದವಳು ನಾನು. ಆ ಕಪ್ಪಿನಲ್ಲಿ ಅವ್ವ ಜೀರಿಗೆ ಹಾಕಿಡುತ್ತಾಳೆ, ಅದು ಬೇರೆ ಮಾತು. ಒಂದು ವಸ್ತು ಇನ್ನೊಂದರಲ್ಲಿ ಬೆರೆತ ಮಾತ್ರಕ್ಕೆ ಇಲ್ಲವಾಗುವುದಿಲ್ಲ ಎಂದು ವಾದ ಹೂಡಿದೆ. ಅತ್ತೆ ಶಾಂತವಾಗಿ ಕೇಳಿಸಿಕೊಂಡಳು.

"ಆ ಪಟದಾಗ ಹಿಂಡಿ ಎಲ್ಲ್ಯದ, ತೋರ್ಸು. ಸರಕಾರಕ್ಕಿಂತ ಶ್ಯಾಣ್ಯಾಕಿಯೇನ ನೀ?"

ಪಟ ಅವಳಿಗೆ ಕಾಣುತ್ತಿರಲಿಲ್ಲ. ಅದರಲ್ಲಿ ಏನೇನು ಇಲ್ಲವೆಂಬುದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು.

ಮರುದಿನ ಆಸ್ಪತ್ರೆಗೆ ಹೋದೆ. ವಾರಕ್ಕೊಮ್ಮೆ ಪಡಸಾಲೆಯಲ್ಲಿ ಆರೋಗ್ಯದ ಮಾತು ಹೇಳುವ ನರ್ಸು ಊಟಕ್ಕೆ ಕೂತಿದ್ದರು. ಈ ಸೀಮೆಯ ಉಪ್ಪೆಲ್ಲ ಹಿಂಡಿ, ಹಪ್ಪಳ, ಉಪ್ಪಿನಕಾಯಿಯಲ್ಲಿದೆ ಎಂದೆ. ನಿಮ್ಮ ಪಟದಲ್ಲಿ ಪಿಜ್ಜಾ ಇದೆ. ಇದು ಯಾರ ಕಾಯಿಲೆಗೆ ಬರೆದ ಪಟ ಎಂದು ಕೇಳಿದೆ. ಅವರು ಡಬ್ಬಿಯಲ್ಲಿದ್ದ ಹಿಂಡಿಗೆ ಮೊಸರು ಕಲೆಸುತ್ತ ಹೇಳಿದರು:

"ಪಟ ಮ್ಯಾಲಿಂದ ಬರ್ತಾವ್ರಿ, ನಾವು ಮೊಳಿ ಹೊಡಿತೇವಿ. ಮತ್ತ ಹಿಂಡಿ ಬಿಡ್ರಿ ಅಂದ್ರ ನಾಳಿ ಯಾರೂ ಈ ಕಡಿ ಹಾಯಂಗಿಲ್ಲ."

ಬೇಕಾದರೆ ನೀವೇ ಹೇಳಿ, ಮಾತು ಬರುತ್ತದಲ್ಲ ಎಂದೂ ಸೇರಿಸಿದರು. ಅದು ಆಹ್ವಾನವೋ ಕುಟುಕೋ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಒಪ್ಪಿಕೊಂಡೆ.

ಆ ವಾರ ಹೆಂಗಸರು ಜ್ವರದ ಮಾತಿಗೆ ಹೌದ್ರಿ ಎಂದರು, ವಾಂತಿಭೇದಿಯ ಮಾತಿಗೂ ಹೌದ್ರಿ ಎಂದರು. ನಾನೆದ್ದು ಹಿಂಡಿ ಎಂದೊಡನೆ ಪಡಸಾಲೆ ತಣ್ಣಗಾಯಿತು. ಹಿಂದಿನ ಸಾಲಿನಿಂದ ಒಬ್ಬಾಕೆ, ನಿಮ್ಮ ಮನೆಯಲ್ಲಿ ಸಪ್ಪನೆಯ ಹಿಂಡಿ ಕುಟ್ಟುತ್ತಾರೇನು ಎಂದು ಕೇಳಿದಳು. ಹೃದಯ, ಕಿಡ್ನಿ ಎಂದು ಉತ್ತರ ಬರೆದು ತಂದಿದ್ದ ಚೀಟಿಯನ್ನು ತಿರುವಿ ನೋಡಿದೆ. ಮುಂದಿನ ಸಾಲಿನಲ್ಲಿದ್ದ ಅತ್ತೆ ನನ್ನ ಪರವಾಗಿ ಉತ್ತರಿಸಿದಳು.

"ಇಕಿ ಮೊದಲ ಹಿಂಡಿ ಡಬ್ಬಿ ಎಳಕೋತಾಳ್ರಿ, ಆಮ್ಯಾಲ ರೊಟ್ಟಿ ಎಲ್ಲ್ಯದ ಅಂತ ನೋಡ್ತಾಳ."

ನಗು ಎದ್ದಿತು. ನರ್ಸು ಸೆರಗು ಅಡ್ಡ ಹಿಡಿದು ನಕ್ಕರು.

ವಾಪಸು ಬರುವಾಗ ಆಟೋದಲ್ಲಿ ಅತ್ತೆ ತೀರ್ಪು ಕೊಟ್ಟಳು. "ಸಪ್ಪನ ಹಿಂಡಿ ನೀ ತಿಂದ್ರ ನಾನೂ ತಿಂತೇನಿ. ಮಾತು ನಿಂದು, ನಾಲಿಗಿ ನಂದು, ಅದು ನಡ್ಯಂಗಿಲ್ಲ."

ಪಂಥ ಒಪ್ಪಿಕೊಂಡೆ. ಉಪ್ಪಿಲ್ಲದ ಶೇಂಗಾ ಹಿಂಡಿಯೆಂದರೆ ಬೆಳ್ಳುಳ್ಳಿ ವಾಸನೆಯ ಮರದ ಹೊಟ್ಟು. ಹಪ್ಪಳ, ಉಪ್ಪಿನಕಾಯಿಯೂ ಮೇಲಟ್ಟಕ್ಕೆ ಹೋದವು. ಅಪ್ಪನಿಗೆ ಇದ್ದಕ್ಕಿದ್ದಂತೆ ಬೆಳಿಗ್ಗೆ ಬೆಳಿಗ್ಗೆ ಪೇಟೆಯಲ್ಲಿ ಕೆಲಸ ಬೀಳತೊಡಗಿತು. ಅವರು ಹೋಟೆಲಿನ ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ತೃಪ್ತರಾಗಿ ಬರುತ್ತಿದ್ದರು. ನಾನೂ ಅತ್ತೆಯೂ ಎದುರುಬದುರು ಕೂತು ಅಗಿಯುತ್ತಿದ್ದೆವು. ಯಾರು ಮೊದಲು ಮುಖ ಹುಳ್ಳಗೆ ಮಾಡುತ್ತಾರೆಂದು ಅವಳು ಆ ಮಂಜುಗಣ್ಣಿನಲ್ಲೇ ನನ್ನನ್ನು ಕಾಯುತ್ತಿದ್ದಳು. ಆ ಸುಖ ಕೊಡಬಾರದೆಂದು ಇನ್ನೊಂದು ಚಮಚ ಹಾಕಿಕೊಳ್ಳುತ್ತಿದ್ದೆ.

ಕೊನೆಗೆ ಬಿ.ಪಿ. ಇಳಿಯಿತು. ಡಾಕ್ಟರು ತಾವು ಬದಲಿಸಿದ ಗುಳಿಗೆಯ ಗುಣವೆಂದರು. ನರ್ಸು ಗೋಡೆಯ ಪಟದ ಕಡೆ ಕೈ ತೋರಿಸಿದರು. ಅವ್ವ ದಿನವೂ ಅತ್ತೆಯ ಹಣೆಗೆ ಹಚ್ಚಿದ ವಿಭೂತಿ ಎಂದಳು. ಹಿಂಡಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಾರದೆ ಹೋದೆ: ಗುಳಿಗೆ, ಉಪ್ಪು ಎರಡೂ ಒಟ್ಟಿಗೆ ಬದಲಾಗಿದ್ದವು. ಎದುರು ಪಕ್ಷದವರು ಇಂಥ ಪುರಾವೆ ತಂದಿದ್ದರೆ ನಾನೇ ಅದನ್ನು ಚಿಂದಿ ಮಾಡುತ್ತಿದ್ದೆ.

ಆಪರೇಷನ್ ದಿನ ಅತ್ತೆ ಹಸಿರು ಅಂಗಿ ತೊಟ್ಟು, ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ನನ್ನ ಕೈ ಹಿಡಿದು ಕೂತಿದ್ದಳು. ಹೆದರಿದ್ದಾಳೆಂದುಕೊಂಡೆ.

"ಇವತ್ತಿಗಿ ಮುಗೀತಲ್ಲ? ನಾಳಿಂದ ಉಪ್ಪ ಹಾಕಂತ ಹೇಳು ನಿಮ್ಮವ್ವಗ."

ಬಿ.ಪಿ. ಬಂದು ಹೋಗುವ ನೆಂಟನಲ್ಲ, ಜೀವ ಇರುವತನಕ ಕಾಯಬೇಕು ಎಂದು ಪಟದವರಂತೆಯೇ ಶುರುಮಾಡಿದೆ. ಅವಳು ಮುಖ ಆಚೆ ತಿರುಗಿಸಿದಳು. ಉಳಿದದ್ದು ಒಂದೇ ವಾದ.

"ಅತ್ತಿ, ಇನ್ನೊಂದು ಕಣ್ಣ ಬಾಕಿ ಅದ."

ಅವಳು ಮತ್ತೆ ನನ್ನ ಕಡೆ ತಿರುಗಿದಳು. "ಅದೂ ಆದಮ್ಯಾಲ ಏನಂತ ಹೆದರಸ್ತಿ?"

ಒಳಗಿನಿಂದ ಅವಳನ್ನು ಕರೆದರು. ನನ್ನ ಕೈ ಕೊಡವಿ ಎದ್ದು ಹೋದಳು.