ಕಂಪ್ಯೂಟರಿನ ಹಣೆ

ವಿಜಯದಶಮಿಯ ಮರುದಿನ ಬೆಳಿಗ್ಗೆ ರಾಯದುರ್ಗದ ಅತ್ತೆಯ ಅಂಗಡಿಯ ಮೇಜಿನ ಮೇಲೆ ರವಿಕೆಯ ಎರಡು ತೋಳಿನ ಬಟ್ಟೆಗಳಿದ್ದವು. ಒಂದರಲ್ಲಿ ಜರಿದಾರದ ನವಿಲು, ಇನ್ನೊಂದು ಖಾಲಿ. ರವಿಕೆಯ ಹುಡುಗಿ ಬೆಳುಗುಪ್ಪದಿಂದ ಮೊದಲ ಬಸ್ಸಿಗೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಮರುದಿನ ಅವಳ ನಿಶ್ಚಿತಾರ್ಥ.

ಅತ್ತೆ ನನ್ನ ಅಪ್ಪನ ಅಕ್ಕ; ರಜೆಗೆಂದು ಅವರಲ್ಲಿಗೆ ಬಂದಿದ್ದೆ. ಮಡಕಶಿರಾ ಕಡೆಯ ನಮ್ಮೂರಿನಿಂದ ಮದುವೆಯಾಗಿ ಹೋದವರು ಈಗ ಮಾತಿನಲ್ಲೂ ಪೂರ್ತಿ ರಾಯದುರ್ಗದವರು. ಅವರದು ಕಂಪ್ಯೂಟರ್ ಎಂಬ್ರಾಯ್ಡರಿ. ಡಿಸೈನುಗಳೆಲ್ಲ ಹಳೆಯ ಕಂಪ್ಯೂಟರಿನಲ್ಲಿವೆ. ಅಲ್ಲಿಂದ ತಂತಿಯ ಮೂಲಕ ಹೊಲಿಯುವ ಮಷಿನ್ನಿಗೆ ಬರಬೇಕು. ಆಫ್ ಮಾಡಿದರೆ ಮಷಿನ್ ಎಲ್ಲವನ್ನೂ ಮರೆಯುತ್ತದೆ. ಈ ನವಿಲು ಅತ್ತೆ ತಾವೇ ಕೂತು ಬಿಡಿಸಿದ್ದು, ಬೇರೆಲ್ಲೂ ಪ್ರತಿ ಇಲ್ಲ. ಹಬ್ಬಕ್ಕೆ ಮೊದಲು ಒಂದು ತೋಳು ಮುಗಿದಿತ್ತು. ಈಗ ಕಂಪ್ಯೂಟರೇ ಏಳುತ್ತಿರಲಿಲ್ಲ.

“ಅಕ್ಕಾರ, ಒಂದ ತೋಳಿಗೆ ನವಿಲಿದ್ರ ಗಂಡಿನ ಕಡೇರು ಏನಂತಾರ?” ಎಂದಳು ಹುಡುಗಿ.

ಮಾವ ಊದುಬತ್ತಿ ಹಚ್ಚುತ್ತಲೇ, “ಎಡತೋಳಿನ ಮ್ಯಾಲೆ ಸೆರಗು ಹೊದ್ಕೊಂಡ್ರಾತು. ಯಾರಿಗೆ ಕಾಣತೈತಿ?” ಎಂದರು.

“ಉಂಗುರ ಹಾಕೋದು ಆ ಕೈಗೇ ರೀ! ಫೋಟೋ ತೆಗೆಯಾವ ಅಲ್ಲೇ ನಿಂತಿರ್ತಾನ.” ನಗುತ್ತಲೇ ಹೇಳಿದಳು. ಆದರೆ ಖಾಲಿ ತೋಳನ್ನು ಮತ್ತೆ ಮತ್ತೆ ಸವರುತ್ತಿದ್ದಳು.

“ಸೊಸಿ, ನೀ ಕಂಪ್ಯೂಟರ್ ಓದಾಕಿ ಅಲ್ಲೇನವ್ವ? ನೋಡು,” ಎಂದರು ಅತ್ತೆ.

ನಾನು ಓದುತ್ತಿರುವುದು ಲೆಕ್ಕಪತ್ರ. ಆದರೂ ಕೈ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿತ್ತು! ನನ್ನ ದಿನಚರಿಯ ಆ ದಿನದ ಪುಟದಲ್ಲಿ ಅಡ್ಡಗೆರೆ ಎಳೆದು ಮೇಲೆ ‘ಅನುಮಾನ’ ಎಂದೂ ಕೆಳಗೆ ಸಾಕೆಟ್, ವೈರ್, ಧೂಳು, ರ‍್ಯಾಮ್ ಎಂದೂ ಬರೆದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಸರಿಯಿದ್ದರೆ ಗುರುತು ಹಾಕಿ ಮುಂದಕ್ಕೆ ಹೋಗಬೇಕು. ನನಗೆ ಎಲ್ಲ ಕೆಲಸವೂ ಹೀಗೇ.

ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿದೆ, ಬಿಸಿಯಾಯಿತು. ಗುರುತು. ಮಾನಿಟರಿನ ಕರೆಂಟ್ ವೈರನ್ನು ತೆಗೆದು ಕೆಳಗಿನ ಸಿಪಿಯು ಡಬ್ಬಕ್ಕೆ ಚುಚ್ಚಿದೆ. ಒಳಗೆ ಫ್ಯಾನ್ ಗಿರ್ ಅಂದಿತು! ಮೂವರೂ ಬಗ್ಗಿದರು. ನಾಲ್ಕೈದು ಕ್ಷಣದಲ್ಲಿ ಫ್ಯಾನ್ ನಿಂತುಹೋಯಿತು.

“ಅಯ್ಯೋ, ಅಯಿಪೋಯಿಂದಿ!” ಗಾಬರಿಗೆ ಹುಡುಗಿಯ ಬಾಯಲ್ಲಿ ತೆಲುಗೇ ಬಂತು.

“ಮುಗಿದಿಲ್ಲ ತಾಳಕ್ಕ. ಜೀವ ಐತೆ,” ಎಂದೆ.

“ಜೀವ ಇರ್ದ ಎಲ್ಲಿಗೆ ಹೊಕ್ಕೈತಿ? ಈ ಸಲ ಮಾಡಿದಷ್ಟು ಪೂಜಿ ಯಾವ ವರ್ಷ ಮಾಡೀನಿ?” ಮಾವನಿಗೆ ಸ್ವಲ್ಪ ಅವಮಾನವಾದಂತಿತ್ತು. “ಇಷ್ಟು ವರ್ಷ ಬರೇ ಮಾನಿಟರಿಗೆ ವಿಭೂತಿ ಹಚ್ಚಿದ್ವಿ. ‘ಅದು ಟೀವಿ ಇದ್ದಂಗ್ರಿ, ಕಂಪ್ಯೂಟರ್ ಅಂದ್ರ ಕೆಳಗಿನ ಡಬ್ಬ’ ಅಂತ ರಿಪೇರಿಯಾವ ಹೇಳಿದ್ಮ್ಯಾಲೆ ಈ ವರ್ಷ ಡಬ್ಬಕ್ಕ ಮಾಡೀನಿ.”

ರಿಪೇರಿಯವನಿಗೆ ಅತ್ತೆ ಫೋನ್ ಮಾಡಿದರು. ಅವನು ಹೆಂಡತಿ ಮಕ್ಕಳೊಂದಿಗೆ ಭೈರವಾನಿತಿಪ್ಪದ ಡ್ಯಾಮ್ ನೋಡಲು ಹೋಗಿದ್ದ. ಸಂಜೆ ಬರ್ತೀನ್ರಿ ಅಂದನಂತೆ. ತೋಳು ಆದ ಮೇಲೆ ರವಿಕೆ ಹೊಲಿಯಬೇಕು, ಸಂಜೆ ಬಸ್ಸಿಗೆ ಹುಡುಗಿ ಊರಿಗೆ ಹೋಗಬೇಕು. ಅವನನ್ನು ಕಾದರೆ ಆಗದು.

ಪಕ್ಕದ ತಗಡು ಬಿಚ್ಚಿದೆ. ಒಳಗೆ ದಾರದ ಚೂರು, ಹತ್ತಿಯಂಥ ಧೂಳು. ಬ್ರಶ್ಶಿನಿಂದ ತೆಗೆದೆ. ರ‍್ಯಾಮ್ ಪಟ್ಟಿಯನ್ನು ಕಿತ್ತು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ವೈರ್ ಚುಚ್ಚಿದೆ. ಗಿರ್... ಮತ್ತೆ ನಿಶ್ಶಬ್ದ. ಪುಟದ ತುಂಬ ಗುರುತು ಬಿದ್ದಿತ್ತು. ಅನುಮಾನಗಳು ಮುಗಿಯುತ್ತ ಬಂದಿದ್ದವು. ಕಳ್ಳ ಇಲ್ಲೇ ಎಲ್ಲೋ ಇದ್ದಾನೆ ಅನ್ನಿಸುತ್ತಿತ್ತು.

ಆಗ ಅತ್ತೆ, “ಹ್ಯಾಂಗ್ ಆದಾಗ ನಾ ಬಟನ್ ಒತ್ತಿ ಹಿಡೀತೀನಲ್ಲ, ಆಗೂ ಹಿಂಗ ಟಪ್ ಅಂತ ಆರತೈತಿ ನೋಡು,” ಎಂದರು.

ನನ್ನ ಕೈ ನಿಂತಿತು. ಅಲ್ಲಿಯವರೆಗೆ ನಾನು ಬಟನ್ ಮುಟ್ಟಿಯೇ ಇರಲಿಲ್ಲ. ವೈರ್ ಚುಚ್ಚಿದೊಡನೆ ಅದು ತಾನಾಗಿ ಶುರುವಾಗಿ ತಾನಾಗಿ ಆರುತ್ತಿತ್ತು.

“ಅತ್ತೆ, ಈಗ್ಲೂ ಯಾರೋ ಒತ್ತಿ ಹಿಡ್ಕೊಂಡವ್ರೆ!”

“ಯಾರು ಹಿಡೀಬೇಕವ್ವ? ನಾವೆಲ್ಲ ಇಲ್ಲೇ ಅದೀವಿ.”

ಡಬ್ಬವನ್ನು ಬೆಳಕಿಗೆ ತಿರುಗಿಸಿದೆ. ಮುಂಭಾಗದಲ್ಲಿ ಅಡ್ಡಕ್ಕೆ ಮೂರು ಗೆರೆ ವಿಭೂತಿ, ನಡುವೆ ದಪ್ಪ ಗಂಧ, ಅದರ ಮೇಲೆ ಕುಂಕುಮ. ಮಾವ ಹಣೆ ಎಲ್ಲಿದೆ ಎಂದು ಹುಡುಕಿ ಸರಿಯಾಗಿ ನಡುಮಧ್ಯಕ್ಕೇ ಇಟ್ಟಿದ್ದರು. ಆ ಹಣೆಯೇ ಪವರ್ ಬಟನ್. ಹೆಬ್ಬೆಟ್ಟಿನಿಂದ ಒತ್ತಿ ಇಟ್ಟ ಗಂಧ ಸುತ್ತಲಿನ ಸಂದಿಗೆ ಇಳಿದು ಗಾರೆಯಂತೆ ಗಟ್ಟಿಯಾಗಿತ್ತು. ಒಳಕ್ಕೆ ಹೋದ ಬಟನ್ ಹೊರಗೆ ಬಂದಿರಲಿಲ್ಲ.

ಕೂಗಿಬಿಟ್ಟೆ. ಒದ್ದೆ ಬಟ್ಟೆ ತರಲು ಎದ್ದಾಗ ಮಾವ ಅಡ್ಡ ಬಂದರು.

“ಪೂಜಿ ಮಾಡಿದ್ದನ್ನ ಒರಸ್ತಾರೇನು? ಅದೂ ಸಣ್ಣ ಹುಡುಗಿ ನೀನು!”

“ಒರಸ್ದೆ ಇದ್ರೆ ಏಳಲ್ಲ ಮಾವ.”

“ದೇವರ ಗಂಧ ಅದು. ಕಸಕ್ಕ ಹಾಕಂಗಿಲ್ಲ.”

ಹುಡುಗಿ ಸ್ಟೂಲಿನಿಂದ ಇಳಿದಳು. “ಕಸಕ್ಕ ಯಾಕ ಹಾಕ್ತೀರಿ, ಮಾವಾ? ನನಗ ಕೊಡ್ರಿ. ನಾಳೆ ನನ್ನ ನಿಶ್ಚಯ.”

ಮಾವ ತಾವೇ ಒಂದು ಸೂಜಿ ತಂದು ಗಂಧದ ಹಕ್ಕಳೆಯನ್ನು ಎಬ್ಬಿಸಿ ಅವಳ ಅಂಗೈಗೆ ಹಾಕಿದರು. ಅವಳು ಒಂದು ಹನಿ ನೀರಿನಲ್ಲಿ ತೇದು ಹಣೆಗೆ ಇಟ್ಟುಕೊಂಡಳು. ನಾನು ಸಂದಿಯನ್ನು ಕಡ್ಡಿಯಿಂದ ಕೆರೆದು, ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟೆ. ಆ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟ. ಕೊನೆಗೆ ಬಟನ್ ಟಕ್ ಎಂದು ಹೊರಗೆ ಬಂತು. ನಾಲ್ವರೂ ಆ ಸದ್ದು ಕೇಳಿದೆವು.

ವೈರ್ ಚುಚ್ಚಿದೆ. ಏನೂ ಆಗಲಿಲ್ಲ, ಆಗಬಾರದಿತ್ತು ಕೂಡ. “ಅತ್ತೆ, ನೀವೇ ಒತ್ತಿ,” ಎಂದೆ. ಒತ್ತಿದರು. ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು! ಮಾನಿಟರಿಗೆ ಬೇರೆ ವೈರ್ ಸಿಕ್ಕಿಸಿದ ಮೇಲೆ ನೀಲಿ ಬೆಳಕು ಬಂತು. ಆಮೇಲೆ ಅತ್ತೆಯ ಡಿಸೈನುಗಳ ಸಾಲು, ಅದರಲ್ಲಿ ನವಿಲು.

“ಬಂತ್ರೀ! ಕತ್ತು ಎತ್ಕೊಂಡ ಬಂತು!” ಹುಡುಗಿ ನನ್ನ ಭುಜ ಹಿಡಿದು ಕುಣಿಸಿದಳು.

ಅತ್ತೆ ನವಿಲಿನ ಮುಖವನ್ನು ಎದುರು ದಿಕ್ಕಿಗೆ ತಿರುಗಿಸಿ ಮಷಿನ್ನಿಗೆ ಕಳಿಸಿದರು. ಸೂಜಿ ಕೊಕ್ಕಿನಿಂದ ಶುರು ಮಾಡಿತು. ಮಾವ ಮತ್ತೆ ವಿಭೂತಿ ಗಟ್ಟಿ ಹಿಡಿದುಕೊಂಡು ಡಬ್ಬದ ಮುಂದೆ ಕೂತು, ಮೇಲಿನ ತಗಡನ್ನು ಬೆರಳಿನಿಂದ ತಟ್ಟಿ ನನ್ನನ್ನು ಕೇಳಿದರು: “ಇಲ್ಲೇನೂ ಬಟನ್ ಇಲ್ಲ, ಹೌದಿಲ್ಲೋ?”

“ಇಲ್ಲ ಮಾವ. ಬರೀ ತಲೆ.”

ಸಂಜೆ ಬಸ್ಸಿನ ಹೊತ್ತಿಗೆ ಹುಡುಗಿ ಹೊಲಿದ ರವಿಕೆಯನ್ನು ಎದೆಗೆ ಹಿಡಿದು ಕನ್ನಡಿಯ ಮುಂದೆ ನಿಂತಳು. ಎರಡು ನವಿಲುಗಳೂ ಎದುರುಬದುರಾಗಿದ್ದವು. ಅವಳು ಎಡಗೈಯನ್ನು ಮುಂದೆ ಚಾಚಿ, ಇಲ್ಲದ ಉಂಗುರವನ್ನು ನೋಡುವಂತೆ ಬೆರಳು ಅಗಲಿಸಿದಳು. ಆಮೇಲೆ ನಾವು ನೋಡುತ್ತಿದ್ದೇವೆಂದು ತಿಳಿದು ರವಿಕೆಯನ್ನು ಗಬಕ್ಕನೆ ಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಓಡಿದಳು.